ಮೂವತ್ತು ಎಣಿಸುವಷ್ಟು ಹೊತ್ತು

“ಅಪ್ಪ, ಅದನ್ನ ಜೇಬಿಗೆ ಹಾಕ್ಬೇಡ,” ಎಂದಳು ಮಗಳು.

ಅಪ್ಪನ ಕೈ ಅಂಗಿಯ ಜೇಬಿನ ಬಾಯಲ್ಲೇ ನಿಂತಿತು. ಬೆರಳುಗಳ ನಡುವೆ ಪೆನ್ನಿನ ರೀಫಿಲ್ಲಿನಂಥ ಕಡ್ಡಿ. ಒಳಗೆ ಹೋರಿಯ ವೀರ್ಯ, ನೈಟ್ರೋಜನ್ ಕ್ಯಾನಿನ ಕಡುಚಳಿಯಲ್ಲಿ ಕಲ್ಲಾಗಿದ್ದದ್ದು. ಅದನ್ನು ಎದೆಯ ಜೇಬಿಗೆ ಹಾಕಿ, ಹಸುವಿನ ಬೆನ್ನು ತಟ್ಟಿ, ಮನೆಯವರ ಕ್ಷೇಮ ವಿಚಾರಿಸುವಷ್ಟರಲ್ಲಿ ಕರಗಿರುತ್ತದೆ ಎಂಬುದು ಅವನ ಮೂವತ್ತು ವರ್ಷದ ಲೆಕ್ಕ. ಕೃತಕ ಗರ್ಭಧಾರಣೆಯಲ್ಲಿ ಅವನ ಕೈಗೆ ಸಮ ಇನ್ನೊಂದು ಕೈ ಇಲ್ಲ ಎಂದು ಸುತ್ತಲಿನ ಕೊಟ್ಟಿಗೆಗಳೆಲ್ಲ ಹೇಳುತ್ತಿದ್ದವು. ಅದೇ ಕಸುಬಿನ ತರಬೇತಿ ಮುಗಿಸಿ ಬಂದ ಮಗಳು ಅವನ ಜೊತೆ ಹೊರಟದ್ದು ಇದೇ ವಾರ.

“ಎದೆಯ ಕಾವಿಗಿಂತ ಒಳ್ಳೇ ಕಾವು ಇನ್ಯಾವುದಿದೆ ಕಣೇ?” ಎಂದು ಅಪ್ಪ ಕಡ್ಡಿಯನ್ನು ಜೇಬಿಗಿಳಿಸಿಯೇ ಬಿಟ್ಟ.

“ಬಿಸಿನೀರಿದೆ. ಮೂವತ್ತೇಳು ಡಿಗ್ರಿ, ಮೂವತ್ತು ಸೆಕೆಂಡು.”

“ಮೂವತ್ತು ಎಣಿಸೋಕೆ ಆರು ತಿಂಗಳು ತರಬೇತೀನಾ? ನಾನು ಒಂದನೇ ಕ್ಲಾಸಲ್ಲೇ ನೂರರ ತನಕ ಎಣಿಸ್ತಿದ್ದೆ!”

ಹಸುವಿನ ಒಡತಿ ಹಾಲಿನಕ್ಕನಿಗೆ ನಗು ಬರಲಿಲ್ಲ. “ಅಪ್ಪ ಮಗಳು ಆಮೇಲೆ ಜಗಳ ಆಡಿ. ಡಾಕ್ಟ್ರೇ, ಮೂರು ಸಲ ಆಯ್ತು, ಮೂರು ಸಲಾನೂ ಗಬ್ಬ ನಿಲ್ಲಲಿಲ್ಲ. ನಾಳೆ ಲಾರಿ ಬರುತ್ತೆ, ಈ ಗೊಡ್ಡನ್ನ ಹತ್ತಿಸಿ ಕಳಿಸೋದೇ. ಇವತ್ತು ಬೆದೆಗೆ ಬಂತಲ್ಲಾ ಅಂತ ಮನಸ್ಸು ತಡೀದೆ ನಿಮ್ಮನ್ನ ಕರೆದೆ. ನಿಲ್ಲುತ್ತೆ ಅಂತ ಧೈರ್ಯ ಕೊಟ್ರೆ ಇಟ್ಕೋತೀನಿ,” ಎಂದು ಬಿಸಿನೀರು ತರಲು ಒಳಗೆ ಹೋದಳು. ಹಸು ತನ್ನ ಪಾಡಿಗೆ ತಾನು ಗೂಟ ನೆಕ್ಕುತ್ತಿತ್ತು.

ನೀರು ಬಂದಿತು. ಹಾಲಿನಕ್ಕ ಹಿತ್ತಲಿಗೆ ಹುಲ್ಲು ತರಲು ಹೋದಳು. ಮಗಳು ಫ್ಲಾಸ್ಕಿಗೆ ತಣ್ಣೀರು ಬೆರೆಸುತ್ತ ಥರ್ಮಾಮೀಟರಿನ ಗೆರೆ ನೋಡಿದಳು, ಕಡ್ಡಿಗಳ ಡಬ್ಬಿಯನ್ನು ಕ್ಯಾನಿನ ಕತ್ತಿನಿಂದ ಮೇಲೆತ್ತದೆ ಇಕ್ಕಳದಲ್ಲಿ ಇನ್ನೊಂದು ಕಡ್ಡಿ ಎಳೆದಳು, ಫ್ಲಾಸ್ಕಿನ ನೀರಿಗಿಳಿಸಿ ಮೂವತ್ತು ಎಣಿಸಿದಳು. ಆಮೇಲೆ ತರಬೇತಿ ಸಂಸ್ಥೆಯಿಂದ ಎರವಲು ತಂದಿದ್ದ ಮೈಕ್ರೊಸ್ಕೋಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೆಚ್ಚಗೆ ಮಾಡಿದ ಎರಡು ಗಾಜು; ಒಂದರ ಮೇಲೆ ಅಪ್ಪನ ಜೇಬಿನ ಹನಿ, ಇನ್ನೊಂದರ ಮೇಲೆ ಫ್ಲಾಸ್ಕಿನ ಹನಿ.

“ಒಂದೇ ಹೋರಿ, ಒಂದೇ ದಿನ ತುಂಬಿದ್ದು. ನೋಡು.”

ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ಮೊದಲು ಫ್ಲಾಸ್ಕಿನದು. ಸಂತೆ ಬಿಟ್ಟಾಗ ಜನ ಹೊರಟಂತೆ ಬಾಲ ಬಡಿಯುತ್ತ ಓಡುವ ಓಟ. “ಅಬ್ಬಬ್ಬಾ!” ಎಂದ. ಆಮೇಲೆ ಜೇಬಿನದು. ಬಹಳ ಹೊತ್ತು ತಲೆ ಎತ್ತಲಿಲ್ಲ. ಅಲ್ಲಿ ಹತ್ತೋ ಹದಿನೈದೋ ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದವು. ಉಳಿದವು ಬಿದ್ದಲ್ಲೇ ಬಿದ್ದಿದ್ದವು.

“ಇಷ್ಟೊಂದು ಸತ್ತಿವೆಯಾ?”

“ಹೆಪ್ಪುಗಟ್ಟಿಸೋವಾಗ್ಲೇ ಸುಮಾರು ಅರ್ಧ ಹೋಗ್ತವೆ ಅಪ್ಪ, ಅದು ನಮ್ಮ ಕೈಲಿಲ್ಲ. ಉಳಿದ ಅರ್ಧ ನಮ್ಮ ಕೈಲಿರೋದು. ನಿಧಾನಕ್ಕೆ ಕರಗಿಸಿದ್ರೆ ಐಸು ಮತ್ತೆ ಹರಳಾಗಿ ಒಳಗಿಂದಲೇ ಚುಚ್ಚುತ್ತೆ. ಬೇಗ ಕರಗಿಸ್ಬೇಕು, ಆಮೇಲೆ ಚಳಿ ತಾಗಿಸ್ಬಾರದು, ಒಂದು ಹನಿ ನೀರೂ ತಾಗಿಸ್ಬಾರದು.”

“ನನಗೆ ಯಾರೂ ಹೇಳಲೇ ಇಲ್ವಲ್ಲೇ,” ಎಂದ ಅಪ್ಪ. ಅವನ ದನಿ ಇಷ್ಟು ಸಣ್ಣಗಾದದ್ದನ್ನು ಮಗಳು ಕೇಳಿರಲಿಲ್ಲ. ಗೆಲ್ಲಬೇಕೆಂದೇ ಬಂದಿದ್ದವಳಿಗೆ ಗೆದ್ದದ್ದು ಬೇಡವಾಯಿತು.

“ಬೇಸಿಗೇಲಿ ನಿನ್ನ ಜೇಬೂ ಕೆಲಸ ಮಾಡಿರುತ್ತೆ ಬಿಡು. ಈ ಚಳೀಲಿ ಮಾತ್ರ...”

“ಸಮಾಧಾನ ಆಮೇಲೆ ಮಾಡು. ಮೂರನೇ ಕಡ್ಡಿ ತೆಗಿ.”

ಈ ಸಲ ಎಣಿಸಿದ್ದು ಅಪ್ಪ. ಗಟ್ಟಿಯಾಗಿ, ಒಂದನೇ ಕ್ಲಾಸಿನ ಹುಡುಗನಂತೆ, ಮೂವತ್ತರವರೆಗೂ. ಮಗಳು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ತುದಿ ಕತ್ತರಿಸಿ, ಬೆಚ್ಚಗಿನ ಕೊಳವೆಗೆ ಸೇರಿಸಿ ಕೊಟ್ಟಳು. ಹಸುವಿಗೆ ಗೊತ್ತಾಗುವ ಮೊದಲೇ ಅಪ್ಪ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದ. ಆ ಕೈಚಳಕವನ್ನು ಯಾವ ತರಬೇತಿಯೂ ಅವಳಿಗೆ ಕಲಿಸಿರಲಿಲ್ಲ.

ಹುಲ್ಲಿನ ಹೊರೆಯೊಂದಿಗೆ ಬಂದ ಹಾಲಿನಕ್ಕ ಕೇಳಿದಳು: “ಏನಂತೀರಿ ಡಾಕ್ಟ್ರೇ? ಇಟ್ಕೊಳ್ಳೋದೋ, ಕಳಿಸೋದೋ?”

ಅಪ್ಪನ ಮರ್ಯಾದೆ ಈಗ ತನ್ನ ನಾಲಿಗೆಯ ಮೇಲಿದೆ ಅನಿಸಿತು ಮಗಳಿಗೆ. “ಅಕ್ಕ, ಒಂದೊಂದು ಹಸು ಹಾಗೇ, ಸ್ವಲ್ಪ ತಡವಾಗಿ...” ಎಂದು ಶುರು ಮಾಡಿದಳು.

“ತಡಿ ಮಗಳೇ, ಸುಳ್ಳು ಹೇಳ್ಬೇಡ.” ಅಪ್ಪ ಒದ್ದೆ ಕೈಯಲ್ಲೇ ಮುಂದೆ ಬಂದ. “ನಿಮ್ಮ ಹಸು ಗೊಡ್ಡಲ್ಲ ಅಕ್ಕ. ಮೂರು ಸಲಾನೂ ಕೆಡಿಸಿದ್ದು ನಾನು. ಗಂಡಿನ ಕಡೇದೇ ಸತ್ತು ಹೋಗಿತ್ತು, ಪಾಪ ಇದೇನು ಮಾಡೀತು? ಇವತ್ತು ನನ್ನ ಮಗಳು ಸರಿ ಮಾಡಿ ಕೊಟ್ಟಿದಾಳೆ. ನಿಂತೇ ನಿಲ್ಲುತ್ತೆ ಅಂತ ಆಣೆ ಹಾಕಲ್ಲ. ಆದ್ರೆ ಇದರ ಮೇಲೆ ತಪ್ಪು ಹೊರಿಸಿ ಲಾರಿ ಹತ್ತಿಸ್ಬೇಡಿ.”

ಮಗಳು ಅಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸಗಣಿ ಮೆತ್ತಿದ ಬೂಟು, ಒದ್ದೆ ತೋಳು, ಬಾಗದ ಕತ್ತು. ಇವನು ನನ್ನ ಅಪ್ಪ ಎಂದು ಬೀದಿಗೆ ಹೋಗಿ ಕೂಗಿ ಹೇಳಬೇಕೆನಿಸಿತು.

ಹಾಲಿನಕ್ಕ ಹೊರೆ ಇಳಿಸಿದಳು. ಹಸುವಿನ ಬೆನ್ನ ಮೇಲೆ ಕೈಯಿಟ್ಟಳು.

“ಲಾರಿಯವನಿಗೆ ಬರಬೇಡ ಅಂತೀನಿ,” ಎಂದಳು. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು: “ಹನ್ನೊಂದು ವರ್ಷ ಗಂಡನ ಮನೆಯವರು ನನ್ನನ್ನ ಗೊಡ್ಡು ಅಂದ್ರಲ್ಲ ಡಾಕ್ಟ್ರೇ, ಆಗ ನೀವೆಲ್ಲಿದ್ರಿ?”