ಹನ್ನೊಂದು ಮೆಟ್ಟಿಲು

ಕಂಡಕ್ಟರ್ ಅವತ್ತೂ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಬಂದು, ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತ. ಯಾರಾದರೂ ಕರೆಯುವವರೆಗೆ ಹೊಸಿಲು ದಾಟುವವನಲ್ಲ.

"ಬಂದ ನೋಡಿ, ನಿಮ್ಮ ಸೊಂಟ ಮುರಿದವನು," ಎಂದು ಸೊಸೆ ಅವನಿಗೂ ಕೇಳಿಸುವಂತೆ ಹೇಳಿ ಕೆಲಸಕ್ಕೆ ಹೊರಟಳು.

ಟೀಚರಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಸೊಂಟದ ಕೀಲು ಬದಲಿಸಿ ಒಂಬತ್ತು ವಾರವಾಗಿತ್ತು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ತಿರುಗಿಸಿ ನಿಂತೇ ಹಿಡಿಯುತ್ತಿದ್ದರು ಎಂಬ ಖ್ಯಾತಿ ಬೇರೆ. ಅಂಥವರಿಗೆ ಈಗ ಎತ್ತರದ ಕಮೋಡ್ ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಬೇಕು. ಬಗ್ಗುವಂತಿಲ್ಲ. ಕಾಲ ಮೇಲೆ ಕಾಲು ಹಾಕುವಂತಿಲ್ಲ. ಮಲಗುವಾಗ ಕಾಲುಗಳ ನಡುವೆ ದಿಂಬು. ಕೆಳಗೆ ಬಿದ್ದ ಕನ್ನಡಕವನ್ನು ಎತ್ತಿಕೊಡಿ ಎಂದು ಕೂಗಬೇಕು. ನಾಚಿಕೆಯಿಂದ ಅವರು ಅರ್ಧ ಆಗಿಹೋಗಿದ್ದರು.

ಆದದ್ದೇನೆಂದು ಬೀದಿಗೆಲ್ಲ ಗೊತ್ತಿತ್ತು. ಆ ದಿನ ಸಂಜೆ ಸೊಸೆ ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ನರಳುತ್ತಿದ್ದರು. ಬಸ್ಸಿಂದ ಇಳಿಯುವಾಗ ಬಿದ್ದೆ, ಯಾರೋ ಆಟೋದವನು ಬಾಗಿಲವರೆಗೆ ಬಿಟ್ಟ, ಒಳಗೆ ಬರುತ್ತಲೇ ಕಾಲು ಕೈಕೊಟ್ಟಿತು ಎಂದರು. ಉಳಿದದ್ದೆಲ್ಲ ಮಗನ ಕೆಲಸ. ಪರ್ಸಿನಲ್ಲಿ ಟಿಕೆಟ್ ಹುಡುಕಿದ. ಟಿಕೆಟ್ಟಿನಿಂದ ಬಸ್ಸು, ಬಸ್ಸಿನಿಂದ ಕಂಡಕ್ಟರ್. ಪ್ರಯಾಣಿಕರು ಇಳಿಯುವ ಮೊದಲೇ ಬೆಲ್ ಹೊಡೆದ ಎಂದು ದೂರು ಬರೆದವನೂ ಅವನೇ. ಆಸ್ಪತ್ರೆಯ ಮಂಚದಲ್ಲಿ ಟೀಚರಮ್ಮ ಓದದೆಯೇ ಸಹಿ ಹಾಕಿದರು.

"ಮೈಮೇಲೆ ಒಂದು ತರಚುಗಾಯವೂ ಇಲ್ಲ, ಪುಣ್ಯ ಮಾಡಿದ್ದೀರಿ," ಎಂದು ಸರ್ಜನ್ ಸಮಾಧಾನ ಹೇಳಿದ್ದರು. ಆಪರೇಷನ್ ಗಾಯ ಬೇಗ ಮಾಯ್ದದ್ದರ ಕೀರ್ತಿಯನ್ನು ಸೊಸೆ ಬಿಟ್ಟುಕೊಡಲಿಲ್ಲ. "ಸಕ್ಕರೆ ಕಾಯಿಲೆ ಅಂದ ದಿನದಿಂದ ನಮ್ಮತ್ತೆ ಒಂದು ಚೂರು ಸಿಹಿ ಮುಟ್ಟಿಲ್ಲ. ನಾನು ಬಿಟ್ರೆ ತಾನೇ?"

ಕಂಡಕ್ಟರ್ ವಾದ ಮಾಡಲಿಲ್ಲ. ಆ ಸ್ಟಾಪಿನಲ್ಲಿ ಯಾವಾಗಲೂ ನೂಕುನುಗ್ಗಲು. ಬೆಲ್ ಹೊಡೆದ ಮೇಲೆ ಹಿಂದೆ ತಿರುಗಿ ನೋಡಲಿಲ್ಲ. ಬಿದ್ದಿರಬೇಕು ಎಂದು ಬರೆದುಕೊಟ್ಟ. ಅವನನ್ನು ಸಸ್ಪೆಂಡ್ ಮಾಡಿದರು. ವಿಚಾರಣೆಯಲ್ಲಿ ಟೀಚರಮ್ಮ ಹೇಳುವ ಮಾತಿನ ಮೇಲೆ ಅವನ ನೌಕರಿ ಉಳಿಯಬೇಕು, ಇಲ್ಲವೇ ಹೋಗಬೇಕು. ಅಧಿಕಾರಿ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳುತ್ತೇನೆ ಎಂದರು. ಟೀಚರಮ್ಮ ಒಪ್ಪಲಿಲ್ಲ. ನಡೆಯುವಂತಾದ ಮೇಲೆ ನಾನೇ ಬರುತ್ತೇನೆ ಎಂದರು. ಡಿಪೋ ಆಫೀಸು ಮಹಡಿಯ ಮೇಲೆ. ಹನ್ನೊಂದು ಮೆಟ್ಟಿಲು, ಲಿಫ್ಟಿಲ್ಲ. ಅಲ್ಲಿಗೆ ಎಲ್ಲರೂ ಒಂದು ಸೊಂಟಕ್ಕಾಗಿ ಕಾಯುತ್ತ ಕೂತಂತಾಯಿತು.

ಮೂರನೇ ವಾರ ಕಂಡಕ್ಟರ್ ತಾನಾಗಿ ಬಂದ. "ಹಗಲು ಮನೇಲಿ ಯಾರೂ ಇರಲ್ವಂತೆ. ನಡೆಸೋಕೆ ನಾನಿರ್ತೀನಿ," ಎಂದ. ಮಗ ಬಾಯಿಗೆ ಬಂದಂತೆ ಬೈದ. ಆಮೇಲೆ, "ಅವನೇ ನಡೆಸಲಿ ಬಿಡು, ಬುದ್ಧಿ ಬರುತ್ತೆ," ಎಂದ.

ಅಂದಿನಿಂದ ಫಿಸಿಯೋ ವಾರಕ್ಕೆರಡು ಸಲ, ಕಂಡಕ್ಟರ್ ದಿನಾ. ಅಂಗಳಕ್ಕೆ ಇಳಿಯಲು ಮೂರು ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂಬುದನ್ನು ಅವನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದ. ಟೀಚರಮ್ಮ ಮಾತ್ರ ಒಂದನೇ ಮೆಟ್ಟಿಲಿಗೇ ನಿಂತುಬಿಡುತ್ತಿದ್ದರು. "ಆಗಲ್ಲ."

"ಎಕ್ಸ್‌ರೇ ಚಿನ್ನದ ಹಾಗಿದೆ. ಇಷ್ಟು ಹೊತ್ತಿಗೆ ಮಹಡಿ ಹತ್ತಬೇಕಿತ್ತು," ಎಂದು ಫಿಸಿಯೋ ತಲೆ ಕೆರೆದುಕೊಂಡಳು. ಬಿದ್ದವರಿಗೆ ಭಯ ಸಹಜ ಎಂದು ಮಗ ಅಂದ.

ಅವತ್ತು ಸೊಸೆ ಹೊರಟ ಮೇಲೆ ಕಂಡಕ್ಟರ್ ಮೊಣಕಾಲೂರಿ ಅವರ ಪಾದಕ್ಕೆ ಚಪ್ಪಲಿ ತೊಡಿಸಲು ಹೋದ.

"ಕಾಲು ಮುಟ್ಟಬೇಡಪ್ಪ."

"ಕೋಪ ಇರುತ್ತಮ್ಮ. ನಂಗೊತ್ತು."

"ಕೋಪ ಅಲ್ಲ."

"ಮತ್ತೆ?"

ಟೀಚರಮ್ಮ ಮತ್ತೆ ಮುಖ ತಿರುಗಿಸಿಕೊಂಡರು. ಅವನು ಚಪ್ಪಲಿಯ ಪಟ್ಟಿ ಬಿಗಿಯುತ್ತ ತಲೆ ತಗ್ಗಿಸಿಯೇ ಹೇಳಿದ. "ನಿನ್ನೆ ನನ್ನ ಮಗಳು ಕೇಳಿದ್ಲು. ನೀನು ಒಬ್ಬರು ಅಜ್ಜೀನ ಬೀಳಿಸಿದ್ಯಂತೆ, ಹೌದಾ ಅಂತ. ಹೂಂ ಅಂದೆ. ಮಕ್ಕಳ ಹತ್ರ ಸುಳ್ಳು ಹೇಳಕ್ಕಾಗುತ್ತಾ? ಆವಾಗಿಂದ ನನ್ನ ಹತ್ರ ಮಾತಾಡ್ತಿಲ್ಲ."

ಟೀಚರಮ್ಮನ ಮುಖ ಕಪ್ಪಿಟ್ಟಿತು. ಆಮೇಲೆ ವಾಕರ್ ಬಿಟ್ಟು, ಕೈಕೋಲು ಹಿಡಿದು, ಮೂರೂ ಮೆಟ್ಟಿಲು ಇಳಿದರು. ತಿರುಗಿ ಮೂರೂ ಹತ್ತಿದರು. ಯಾರ ಕೈಯನ್ನೂ ಹಿಡಿಯಲಿಲ್ಲ.

ಕಂಡಕ್ಟರ್ ಬಾಯಿ ತೆರೆದುಕೊಂಡು ನೋಡಿದ.

"ನಾಳೆ ಡಿಪೋಗೆ ಹೋಗೋಣ," ಎಂದರು ಟೀಚರಮ್ಮ.

ಮರುದಿನ ಮುಂದೆ ಮಗ, ನಡುವೆ ಟೀಚರಮ್ಮ, ಹಿಂದೆ ಕೈಗಳನ್ನು ಚಾಚಿಕೊಂಡು ಕಂಡಕ್ಟರ್. ಏಳನೇ ಮೆಟ್ಟಿಲಲ್ಲಿ ಅವರು ನಿಂತರು. ಹಣೆಯೆಲ್ಲ ಬೆವರು.

"ನೋವಾ ಅಮ್ಮ?" ಎಂದ ಮಗ. ಆಮೇಲೆ ದನಿ ತಗ್ಗಿಸಿದ. "ಸಾಕು, ಅವನನ್ನ ಕ್ಷಮಿಸಿದ್ದೀನಿ ಅಂದ್ಬಿಡು. ಪಾಪ, ಒಳ್ಳೆಯವನೇ."

"ಹತ್ತು," ಎಂದರು ತಾಯಿ.

ಅಧಿಕಾರಿ ಎದ್ದು ಕುರ್ಚಿ ಎಳೆದರು. ಅದು ತಗ್ಗಿನ ಕುರ್ಚಿ. ಹೊಸ ಸೊಂಟಕ್ಕೆ ಆಗದು.

"ನಿಂತೇ ಹೇಳ್ತೀನಿ," ಎಂದರು ಟೀಚರಮ್ಮ.

ಅಧಿಕಾರಿ ಫೈಲು ಬಿಡಿಸಿ ದೂರನ್ನು ಗಟ್ಟಿಯಾಗಿ ಓದಿದರು. ಕಂಡಕ್ಟರ್ ತಲೆ ಎತ್ತಲಿಲ್ಲ.

"ಇವರು ತಪ್ಪು ಒಪ್ಪಿಕೊಂಡಿದ್ದಾರೆ ಮೇಡಂ. ನೀವು ಕ್ಷಮಿಸೋದಾದ್ರೆ ಎಚ್ಚರಿಕೆ ಕೊಟ್ಟು ಮುಗಿಸಬಹುದು. ಕ್ಷಮಿಸ್ತೀರಾ?"

ಟೀಚರಮ್ಮ ಇಷ್ಟು ವಾರಗಳಲ್ಲಿ ಮೊದಲ ಸಲ ಕಂಡಕ್ಟರನ ಮುಖವನ್ನು ನೇರವಾಗಿ ನೋಡಿದರು.

"ಕ್ಷಮಿಸಬೇಕಾದವನು ಅವನು. ಅವತ್ತು ಬಸ್ಸಿಂದ ಚೆನ್ನಾಗೇ ಇಳಿದು ಮನೆಗೆ ನಡ್ಕೊಂಡು ಹೋದೆ. ಬಿದ್ದಿದ್ದು ಮನೇಲಿ ಸ್ಟೂಲ್ ಮೇಲಿಂದ, ಸೊಸೆ ಅಟ್ಟದಲ್ಲಿ ಬಚ್ಚಿಟ್ಟಿದ್ದ ಚಾಕೊಲೇಟ್ ಕದಿಯೋಕೆ ಹೋಗಿ."