ಕೌದಿಯ ಊಟ

ಸಂಜೆಯಾಯಿತೆಂದರೆ ದಣಿವು ಬೆರಳ ತುದಿಯಿಂದ ದಾರವಾಗಿ ಇಳಿಯುತ್ತದೆ. ಅದನ್ನು ಹೊಲಿದು ಮುಗಿಸದೆ ಯಾರಿಗೂ ನಿದ್ದೆಯಿಲ್ಲ. ಹಾಗಾಗಿ ಮನೆಮನೆಯಲ್ಲೂ ಹಳೆ ಬಟ್ಟೆಯ ಕೌದಿ.

ಬಸ್ಸು ಓಡಿಸಿ ಬಂದ ಗಂಡನ ಹೊಗೆಬಣ್ಣದ ದಾರವನ್ನು ಸಾವಂತ್ರೆವ್ವ ತಾನೇ ಹೊಲಿದು ಮುಗಿಸಿದಳು. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ. ಮಗಳು ಅಕ್ಷತಾಳ ನೀಲಿ ದಾರವೂ ಮುಗಿಯಿತು. ತನ್ನ ದಾರಕ್ಕೆ ಸಾವಂತ್ರೆವ್ವ ಇನ್ನೂ ಕೈ ಹಚ್ಚಿರಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮುನ್ನ ಕೌದಿಯ ಹೊಟ್ಟೆಗೆ ರೊಟ್ಟಿ ಇಡುವುದು ಪದ್ಧತಿ. ಅಕ್ಷತಾ ತಂದಿಟ್ಟಳು.

"ಬುಟ್ಟ್ಯಾಗ ಇದೊಂದ ತುಣುಕು ಉಳಿದಿತ್ತು ನೋಡು."

ಅದು ಸಾವಂತ್ರೆವ್ವ ತನ್ನ ಊಟಕ್ಕೆಂದು ಉಳಿಸಿಕೊಂಡದ್ದು. ಅವಳು ಮೂಲೆ ಮುಚ್ಚಿದಳು.

"ಕೌದಿಗಂತೂ ಊಟ ಆತು. ನಿಂದು ಆತೇನ ಯವ್ವಾ?"

"ಹೂಂ, ಆತು. ಮಕ್ಕೋ ಹೋಗು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಬೆರಳಿಂದ ಇನ್ನೊಂದು ಗೇಣು ದಾರ ಇಳಿಯಿತು.