ಬಚ್ಚಲಿನ ಚಿಲಕ

ಬಾವಿಕಟ್ಟೆಯ ಕಲ್ಲಿನ ಮೇಲೆ ಹಾಸಿಗೆಯ ಬಟ್ಟೆ ಕುಕ್ಕುತ್ತಿದ್ದ ವಿಲಾಸಿನಿಯ ಕೈ ನಿಂತಿತು. ಏಳು ವರ್ಷದ ಮೊಮ್ಮಗಳು ನಿಳಾ ಹಾಸಿಗೆ ಒದ್ದೆ ಮಾಡಿದ್ದು ಈ ವಾರ ಇದು ಮೂರನೆಯ ಸಲ. ಮಾತು ಕಡಿಮೆಯಾಗಿದೆ. ಸ್ನಾನಕ್ಕೆ ಕರೆದರೆ ಮಂಚದ ಕೆಳಗೆ ಸೇರುತ್ತಾಳೆ.

ಈ ಲಕ್ಷಣಗಳನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಇಂಥ ಮಕ್ಕಳನ್ನು ಮಾತಾಡಿಸುವುದೇ ಅವಳ ಕೆಲಸ. ಎರಡು ತಿಂಗಳ ಹಿಂದೆ ಬಂದ ಮಗುವಿಗೂ ಏಳೇ ವರ್ಷ. ಅಲ್ಲಿ ಮಗುವನ್ನು ಕೆಟ್ಟದಾಗಿ ಮುಟ್ಟಿದ್ದವನು ಅಜ್ಜ.

ಅಂದೇ ಮನೆಗೆ ಬಂದು, ಯಾರೂ ನಿಳಾಳೊಂದಿಗೆ ಒಳಗೆ ಬಾಗಿಲು ಹಾಕಿಕೊಳ್ಳದಂತೆ ಬಚ್ಚಲಿನ ಒಳಚಿಲಕ ಕೀಳಿಸಿದ್ದಳು. ಅಂದಿನಿಂದ ದಿನವೂ ತಾನೇ ಮೀಯಿಸಿ, ಮೈಯೆಲ್ಲ ತಿರುಗಿಸಿ ನೋಡಿ, ಯಾರಾದರೂ ಮುಟ್ಟಿದರೇ ಎಂದು ಕೇಳುತ್ತಿದ್ದಳು. ಮಗಳು ಮಸ್ಕತ್ತಿನಲ್ಲಿ ನರ್ಸು; ಇವಳನ್ನು ನಂಬಿ ಮಗುವನ್ನು ಬಿಟ್ಟಿದ್ದಾಳೆ.

"ನಿಳಾಗೆ ಜಡೆ ನಾನು ಹಾಕ್ಲಾ, ಇಲ್ಲಾ ಅದಕ್ಕೂ ನಿನ್ನ ಆಫೀಸಿಂದ ಕಾಗದ ತರ್ಬೇಕಾ?" ಗಂಡ ದಿವಾಕರನ್ ಜಗಲಿಯಿಂದ ನಕ್ಕ.

ಅವಳು ಹೋಗಿ ಬಾಚಣಿಗೆ ಕಿತ್ತುಕೊಂಡಳು. ಅವನ ನಗು ಹಾಗೇ ಉಳಿದು, ಮೆಲ್ಲಗೆ ಇಳಿಯಿತು.

ಅವಳನ್ನು ಅಕ್ಕನೆಂದೇ ಕರೆಯುವ ಸಹೋದ್ಯೋಗಿ ರಸಿಯಾ ಫೋನಿನಲ್ಲಿ ಅಂದಳು: "ಚೇಚೀ, ನಾಲ್ಕು ದಿನ ರಜೆ ಹಾಕಿ. ನೀವೀಗ ಬಸ್ ಕಂಡಕ್ಟರನ್ನೂ ಕೇಸು ಹಾಕೋ ಹಾಗೆ ನೋಡ್ತೀರಿ."

"ರಜೆ ಹಾಕಿದ್ರೆ ಮಕ್ಕಳನ್ನ ಯಾರು ಕೇಳ್ತಾರೆ?"

ಭಾನುವಾರ ಮಧ್ಯಾಹ್ನ ಕಚೇರಿಯ ಬಟ್ಟೆಗೊಂಬೆಗಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿದಳು. ಅಮ್ಮ, ಟೀಚರ್, ಬೋಳುತಲೆಯ ಅಜ್ಜ, ಕನ್ನಡಕದ ಅಜ್ಜಿ. ಪಕ್ಕದಲ್ಲಿ ಮುಚ್ಚಳದ ಡಬ್ಬಿ. ಮೂವತ್ತೈದು ವರ್ಷ ಜೊತೆಗೆ ಬಾಳಿದವನಾದರೂ ಸರಿ, ಮಗು ತೋರಿಸಿದರೆ ನಾಳೆಯೇ ದೂರು.

"ಯಾರನ್ನ ಕಂಡ್ರೆ ನಿಂಗೆ ಭಯ, ಮಗಳೇ? ಅವರನ್ನ ಡಬ್ಬಿಯೊಳಗೆ ಹಾಕಿಬಿಡು."

"ಬೈಯಲ್ವಾ, ಅಮ್ಮಮ್ಮಾ?"

"ಇಲ್ಲ."

"ಸತ್ಯವಾಗ್ಲೂ?"

ನಿಳಾ ಬೋಳುತಲೆಯ ಅಜ್ಜನನ್ನು ಎತ್ತಿಕೊಂಡಳು. ವಿಲಾಸಿನಿ ಡಬ್ಬಿಯನ್ನು ಹತ್ತಿರ ಸರಿಸಿದಳು. ಮಗು ಅವನನ್ನು ಮಡಿಲಲ್ಲಿ ಕೂರಿಸಿಕೊಂಡಿತು. ಆಮೇಲೆ ಕನ್ನಡಕದ ಅಜ್ಜಿಯನ್ನು ಡಬ್ಬಿಗೆ ಹಾಕಿ, ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿಯಿತು.

ನಾಳೆ ಬಡಗಿಯನ್ನು ಕರೆಸಬೇಕು, ವಿಲಾಸಿನಿ ಮನಸ್ಸಿನಲ್ಲೇ ಅಂದುಕೊಂಡಳು. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಸಬೇಕು, ಮಗುವಿನ ಕೈಗೆ ಎಟುಕುವಷ್ಟು ಕೆಳಗೆ.